ಅಪ್‌ಡೇಟ್: ಫ್ರೆಂಚ್‌ನ ‘ಪ್ವಾಲ್’ ಬಾಣಲೆಯೋ ಒಲೆಯೋ, ಗೊತ್ತಾಯ್ತು

ಫ್ರಾನ್ಸ್‌ನ ಗ್ರೆನೋಬ್ಲ್ ಊರಿನ ಬಾಡಿಗೆ ಮನೆಯೊಂದರ ಜಾಹೀರಾತಿನಲ್ಲಿ ‘ಪ್ವಾಲ್ ಅ ಬ್ವಾ’ ಇದೆ ಅಂತ ಬರೆದಿದ್ದರು, ಅನುವಾದದ ಆ್ಯಪ್ ಅದನ್ನು ‘ಮರದ ಬಾಣಲೆ’ ಅನ್ನುತ್ತಿದೆ, ಏನಿದು ಅಂತ ಹೋದ ವಾರ ಕೇಳಿದ್ದೆ. ನಿನ್ನೆ ಮನೆ ನೋಡಿ ಬಂದೆ. ಹಾಲ್‌ನ ಮೂಲೆಯಲ್ಲಿ ಕಪ್ಪು ಕಬ್ಬಿಣದ ಒಲೆ, ಅದಕ್ಕೆ ಗಾಜಿನ ಬಾಗಿಲು, ಪಕ್ಕದಲ್ಲಿ ಸೀಳಿ ಜೋಡಿಸಿದ ಸೌದೆ. ಮನೆ ಬೆಚ್ಚಗಿಡುವ ಸೌದೆ ಒಲೆ ಅದು!

ಪದಕ್ಕೆ ಮೊದಲು ಸ್ತ್ರೀಲಿಂಗದ ‘ಲಾ’ ಇದ್ದರೆ ಬಾಣಲೆ, ಪುಲ್ಲಿಂಗದ ‘ಲ’ ಇದ್ದರೆ ಒಲೆ ಎಂದವರ ಮಾತು ಸರಿಯೇ. ಆದರೆ ಜಾಹೀರಾತಿನಲ್ಲಿ ಎರಡೂ ಇರಲಿಲ್ಲ. ನನಗೆ ಕೆಲಸಕ್ಕೆ ಬಂದದ್ದು ‘ಮುಂದಿನ ಪದ ನೋಡಿ’ ಎಂಬ ಸಲಹೆ. ‘ಅ ಬ್ವಾ’ ಅಂದರೆ ಸೌದೆಯದು, ಹಾಗಾಗಿ ಒಲೆ. ‘ಅ ಫ್ರೀರ್’ ಅಂದರೆ ಕರಿಯುವುದು, ಹಾಗಾಗಿ ಬಾಣಲೆ. ತುಂಬಾ ಥ್ಯಾಂಕ್ಸ್! ಉಚ್ಚಾರಣೆಯಿಂದ ಗುರುತಿಸುವ ಸಲಹೆ ಮಾತ್ರ ಫಲಿಸಲಿಲ್ಲ. ಎರಡೂ ಒಂದೇ ಥರ ಕೇಳಿಸುತ್ತವೆ. ಮೈಕೂದಲಿಗೆ ಹೇಳುವ ಪದವೂ ಹಾಗೇ.

ಹುಡುಕುವಾಗ ಇನ್ನೂ ಒಂದಷ್ಟು ಸಿಕ್ಕಿತು. ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಗೂ ಇದೇ ಹೆಸರು. ಬಾಣಲೆ, ಒಲೆ, ಈ ಬಟ್ಟೆ ಮೂರರ ಹೆಸರೂ ಬೇರೆ ಬೇರೆ ಲ್ಯಾಟಿನ್ ಪದಗಳಿಂದ ಬಂದು ಒಂದೇ ರೂಪಕ್ಕೆ ಸೇರಿಕೊಂಡಿವೆ. ನನಗೆ ಜಾಸ್ತಿ ಇಷ್ಟವಾದದ್ದು ತತ್ವಜ್ಞಾನಿ ಡೆಕಾರ್ಟ್ ವಿಷಯ. ಚಳಿಗಾಲದಲ್ಲಿ ಜರ್ಮನಿಯಲ್ಲಿ ಇಡೀ ದಿನ ಒಬ್ಬನೇ ‘ಪ್ವಾಲ್’ನಲ್ಲಿ ಇದ್ದೆ ಅಂತ 1637ರ ಪುಸ್ತಕದಲ್ಲಿ ಬರೆದಿದ್ದಾರೆ. ಒಲೆಯೊಳಗೆ ಕೂತಿದ್ದರು ಅಂತ ಅಲ್ಲ. ಒಲೆಯಿಂದ ಬೆಚ್ಚಗಾದ ಕೋಣೆಗೂ ಆಗ ಹಾಗೇ ಅನ್ನುತ್ತಿದ್ದರು.

ಅಂದಹಾಗೆ, ಆ ಮನೆಯನ್ನೇ ತಗೊಂಡೆ.