ಇದು ದೇವರ ಕರೆಯಾ, ಇಲ್ಲಾ ನನ್ನ ಮನಸ್ಸೇ ಹೀಗೆ ಹೇಳುತ್ತಿದೆಯಾ?

ಕೇಳಿದವರು: ಕಂಡಕ್ಟರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಹದಿನಾರು ವರ್ಷದ ಸರ್ವಿಸ್‌ನಲ್ಲಿ ಜಾಸ್ತಿ ಓಡಾಡಿದ್ದು ದಾವಣಗೆರೆ–ಚಿತ್ರದುರ್ಗ ರೂಟಿನಲ್ಲೇ.

ನಾವು ಹುಟ್ಟಿನಿಂದ ಕಥೋಲಿಕರು. ಆದರೆ ನಾನು ಚರ್ಚಿಗೆ ಹೋಗುತ್ತಿದ್ದದ್ದು ಕ್ರಿಸ್‌ಮಸ್, ಈಸ್ಟರ್, ಆಮೇಲೆ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ. ಭಾನುವಾರ ಡ್ಯೂಟಿ ಇರುತ್ತೆ ಅಂತ ಮನೆಯಲ್ಲಿ ಹೇಳುತ್ತಿದ್ದೆ. ರಜೆ ಇದ್ದ ಭಾನುವಾರವೂ ಹೋಗುತ್ತಿರಲಿಲ್ಲ.

ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ದಿನ ಭರಮಸಾಗರದಲ್ಲಿ ಒಬ್ಬ ಅಜ್ಜಿ ಬಸ್ ಹತ್ತಿದರು. ಆಧಾರ್ ಕಾರ್ಡ್ ತೋರಿಸಿದರು, ಜೀರೋ ಟಿಕೆಟ್ ಕೊಟ್ಟೆ. ಮೊಮ್ಮಗನನ್ನು ದಾವಣಗೆರೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರಂತೆ. ನನ್ನ ಕೊರಳಲ್ಲಿದ್ದ ಶಿಲುಬೆ ನೋಡಿ, "ನಮ್ಮ ದೇವ್ರಿಗೆಲ್ಲಾ ಹೇಳ್ಕೊಂಡಿದೀನಪ್ಪಾ, ನಿಮ್ಮ ದೇವ್ರಿಗೂ ಒಂದು ಮಾತು ಹೇಳು" ಅಂದರು. ಆಯ್ತಮ್ಮ ಅಂದೆ. ರಾತ್ರಿ ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ಮಾತೇ ಬರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ ಬಾಯಿಗೆ ಬಂತು, ಆದರೆ ನಾನು ಯಾರ ಹತ್ತಿರ ಮಾತಾಡುತ್ತಿದ್ದೇನೆ ಅಂತಲೇ ಗೊತ್ತಾಗಲಿಲ್ಲ. ತುಂಬಾ ಅತ್ತೆ.

ಅವತ್ತಿನಿಂದ ಬಿಟ್ಟಿಲ್ಲ. ಫಸ್ಟ್ ಟ್ರಿಪ್ ಇದ್ದರೆ ಮೂರೂವರೆಗೆ ಎದ್ದು ಬೈಬಲಿನ ಶುಭಸಂದೇಶ (ಯೇಸುವಿನ ಜೀವನ) ಓದುತ್ತೇನೆ. ಡ್ಯೂಟಿ ಮುಗಿದ ಮೇಲೆ ಚರ್ಚಿನ ಕೊನೆಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಕೆಲವು ದಿನ ಎದೆ ತುಂಬಿ ಬರುತ್ತೆ. ಕೆಲವು ದಿನ ಏನೂ ಇಲ್ಲ, ಒಣಗಿದ ಕೆರೆ ಇದ್ದ ಹಾಗೆ.

ಈಗ ಗೊಂದಲ ಏನೆಂದರೆ, ಒಬ್ಬ ಗೆಳೆಯ ನನ್ನನ್ನು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, "ದೇವರು ನಿನ್ನನ್ನು ಸೇವೆಗೆ ಕರೆಯುತ್ತಿದ್ದಾನೆ, ಈ ಕೆಲಸ ಬಿಡು" ಅಂದರು. ಮೂರು ರಾತ್ರಿ ನಿದ್ದೆ ಬರಲಿಲ್ಲ. ಮಗಳು ಪಿಯುಸಿ ಓದುತ್ತಿದ್ದಾಳೆ. ಹೆಂಡತಿಗೆ ಭಯ ಆಗಿದೆ. ದೇವರು ನಿಜವಾಗಿ ಕರೆದರೆ ಇಲ್ಲ ಅನ್ನುವವನು ನಾನಲ್ಲ. ಆದರೆ ಅವನೇ ಕರೆಯುತ್ತಿದ್ದಾನೆ ಅಂತ ತಿಳಿಯೋದು ಹೇಗೆ? ಏನೂ ಅನಿಸದ ದಿನಗಳಿಗೆ ಏನು ಅರ್ಥ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಟೀಚರ್, ಚಿತ್ರದುರ್ಗ

ತಮ್ಮಾ, ನಾನು ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವಳು. ಮೂವತ್ತು ವರ್ಷ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ಸಮುವೇಲನ ಕಥೆ ಹೇಳಿದ್ದೇನೆ. ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು. ರಾತ್ರಿ ದೇವರು ಕರೆದಾಗ ಹುಡುಗ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಮೂರು ಸಲವೂ ಹಾಗೇ. ದೇವರ ದನಿ ಅವನಿಗೆ ದಿನಾ ಕೇಳುವ ಮುದುಕನ ದನಿಯಂತೆಯೇ ಕೇಳಿಸಿತು. ನಿಮಗೂ ಮೊದಲು ಕೇಳಿಸಿದ್ದು ಭರಮಸಾಗರದ ಒಬ್ಬ ಅಜ್ಜಿಯ ದನಿ ಅಲ್ವಾ? ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ ನೋಡಿ. ಅದು ದೇವರ ಕರೆ ಅಂತ ಸಮುವೇಲನಿಗೆ ತಾನಾಗಿ ತಿಳಿಯಲಿಲ್ಲ. ಕಣ್ಣು ಮಂಜಾಗಿದ್ದ ಏಲಿ ಹೇಳಬೇಕಾಯಿತು. ಆದರೆ ಏಲಿ ಏನು ಹೇಳಿದ? "ದೇವರು ನಿನಗೆ ಇಂಥದ್ದನ್ನು ಹೇಳುತ್ತಿದ್ದಾನೆ" ಅನ್ನಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಕೇಳುತ್ತಿದ್ದೇನೆ ಅಂತ ಹೇಳು ಅಂದ, ಅಷ್ಟೇ. ನಿಮ್ಮ ತಲೆ ಮೇಲೆ ಕೈಯಿಟ್ಟವರು ನಿಮ್ಮ ಪರವಾಗಿ ಅವರೇ ಕೇಳಿಸಿಕೊಂಡುಬಿಟ್ಟರು. ನನಗೆ ಅದು ಸರಿ ಕಾಣಲಿಲ್ಲ.

ಕೆಲಸದ ವಿಷಯ. ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯ ತೆಗೆದು ಓದಿ. ಸುಂಕ ವಸೂಲಿ ಮಾಡುವವರು ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಕೆಲಸ ಬಿಡಿ ಅನ್ನಲಿಲ್ಲ ಅವನು. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅಂದ. ಅದೇ ಲೂಕನ ಐದನೆಯ ಅಧ್ಯಾಯದಲ್ಲಿ ಲೇವಿ ಅನ್ನುವ ಸುಂಕದವನನ್ನು ಯೇಸು ಕರೆದಾಗ ಅವನು ಎಲ್ಲವನ್ನೂ ಬಿಟ್ಟು ಎದ್ದುಹೋದ. ಹತ್ತೊಂಬತ್ತರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ ಬರುತ್ತಾನೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಅವನಿಗೆ ಊರು ಬಿಟ್ಟು ನನ್ನ ಹಿಂದೆ ಬಾ ಅಂತ ಯೇಸು ಹೇಳಲಿಲ್ಲ. ಅವನ ಮನೆಯಲ್ಲೇ ಉಳಿದುಕೊಂಡ. ಮೂವರೂ ಮಾಡುತ್ತಿದ್ದದ್ದು ಒಂದೇ ಕೆಲಸ, ಬಂದ ಕರೆ ಬೇರೆ ಬೇರೆ. ನೀವು ದಿನಾ ದುಡ್ಡು ಎಣಿಸುವವರು, ಅದಕ್ಕೇ ಇಷ್ಟು ಹೇಳಿದೆ.

ಉತ್ತರ 2: ಜೆರಾಕ್ಸ್ ಅಂಗಡಿ, ಹರಿಹರ

ಅಣ್ಣಾ, ನಾನು ಫಾದರ್ ಆಗಬೇಕು ಅಂತ ಸೆಮಿನರಿ ಸೇರಿ ನಾಲ್ಕು ವರ್ಷ ಇದ್ದು ಬಂದವನು. ಈಗ ಮದುವೆಯಾಗಿ ಎರಡು ಮಕ್ಕಳಿದ್ದಾರೆ. ಹೋಗಿದ್ದೂ ಪ್ರಾರ್ಥನೆ ಮಾಡಿಯೇ, ಬಂದಿದ್ದೂ ಪ್ರಾರ್ಥನೆ ಮಾಡಿಯೇ.

ಅಲ್ಲಿ ಕಲಿತದ್ದರಲ್ಲಿ ನನ್ನನ್ನು ಕಾಪಾಡಿದ್ದು ಸಂತ ಇಗ್ನೇಷಿಯಸ್ ಲೊಯೋಲಾ ಅವರ ಪಾಠ. ಅವರು ಸ್ಪೇನಿನ ಸೈನಿಕ. 1521ರಲ್ಲಿ ಪಂಪ್ಲೋನಾ ಕೋಟೆ ಕಾಯುವಾಗ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ವೀರರ ಕಥೆ ಓದಲು ಕೇಳಿದರೆ ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನ, ಸಂತರ ಜೀವನ. ಮಲಗಿದಲ್ಲೇ ಎರಡು ಥರದ ಕನಸು ಕಾಣುತ್ತಿದ್ದರು. ಯುದ್ಧ, ಹೆಸರು, ಒಬ್ಬ ದೊಡ್ಡ ಮನೆತನದ ಹೆಣ್ಣು. ಇಲ್ಲವಾದರೆ ಸಂತರ ಹಾಗೆ ಬದುಕುವುದು. ಕನಸು ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಬರಿದು ಮಾಡುತ್ತಿತ್ತು, ಎರಡನೆಯದರ ಸಂತೋಷ ಹಾಗೇ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದರಿಂದಲೇ ಅವರ ದಾರಿ ಬದಲಾಯಿತು.

ಹಾಗಾಗಿ ಎದೆ ತುಂಬಿ ಬಂದಿದ್ದನ್ನಷ್ಟೇ ಅಳೆಯಬೇಡಿ. ಎರಡು ದಿನ ಬಿಟ್ಟು ಏನು ಉಳಿದಿದೆ ನೋಡಿ. ಅಜ್ಜಿಯ ಮಾತು ಕೇಳಿ ಅತ್ತಿರಿ, ಆದರೆ ಅದರಿಂದ ಬೆಳಿಗ್ಗೆ ಏಳುವ ಅಭ್ಯಾಸ ಬಂತು. ಆ ಕೂಟದ ಮಾತಿನಿಂದ ನಿದ್ದೆ ಹೋಯಿತು, ಮನೆಯಲ್ಲಿ ಭಯ ಬಂತು. ನನಗಂತೂ ಇವೆರಡೂ ಒಂದೇ ಕಡೆಯಿಂದ ಬಂದ ಹಾಗೆ ಕಾಣುವುದಿಲ್ಲ.

ಒಣ ದಿನಗಳ ಬಗ್ಗೆ ಇಗ್ನೇಷಿಯಸ್ ಕೊಟ್ಟ ನಿಯಮ ಒಂದಿದೆ. ಮನಸ್ಸು ಕತ್ತಲಾಗಿದ್ದಾಗ ಮೊದಲು ಮಾಡಿದ ನಿರ್ಧಾರ ಬದಲಾಯಿಸಬೇಡ. ಏನೂ ಅನಿಸದ ದಿನವೂ ಆ ಕೊನೆಯ ಬೆಂಚಿಗೆ ಹೋಗಿ ಕೂತುಕೊಳ್ಳಿ, ಎಂದಿನಷ್ಟೇ ಹೊತ್ತು. ಮದರ್ ತೆರೇಸಾ ಅವರಿಗೆ ಬಡವರ ನಡುವೆ ಹೋಗು ಅನ್ನುವ ಕರೆ ಬಂದಿದ್ದು 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ. ಮಾರನೇ ದಿನವೇ ಕಾನ್ವೆಂಟ್ ಬಿಡಲಿಲ್ಲ. ಗುರುಗಳ ಹತ್ತಿರ ಹೇಳಿಕೊಂಡು, ಅನುಮತಿ ಕೇಳಿ, ಹೊರಗೆ ಬಂದಿದ್ದು 1948ರಲ್ಲಿ. ಆಮೇಲೆ ಎಷ್ಟೋ ವರ್ಷ ಪ್ರಾರ್ಥನೆಯಲ್ಲಿ ಬರೀ ಕತ್ತಲೆಯೇ ಇತ್ತು ಅಂತ ಅವರ ಪತ್ರಗಳಿಂದ ತಿಳಿಯುತ್ತೆ. ಬಿಟ್ಟು ಹೋಗಲಿಲ್ಲ ಅವರು.

ಮಾಡಿ ನೋಡಲು ಒಂದು ಕೆಲಸ ಹೇಳುತ್ತೇನೆ. ಡ್ಯೂಟಿ ಮುಗಿದಾಗ ಡಿಪೋದಲ್ಲಿ ವೇಬಿಲ್ (ಟಿಕೆಟ್ ಲೆಕ್ಕದ ಪಟ್ಟಿ) ಕ್ಲೋಸ್ ಮಾಡುತ್ತೀರಲ್ಲ, ಹಾಗೇ ರಾತ್ರಿ ಹತ್ತು ನಿಮಿಷ ದಿನವನ್ನು ದೇವರ ಮುಂದಿಟ್ಟು ಲೆಕ್ಕ ನೋಡಿ. ಯಾವ ಸ್ಟಾಪಿನಲ್ಲಿ ಮನಸ್ಸು ಹಗುರಾಗಿತ್ತು, ಎಲ್ಲಿ ಕಲ್ಲಾಯಿತು, ಎಲ್ಲಿ ಯಾರಿಗೆ ನೋವು ಮಾಡಿದೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಮೂರು ತಿಂಗಳು ಆದಮೇಲೆ ಅದನ್ನು ತೆಗೆದುಕೊಂಡು ನಿಮ್ಮ ಫಾದರ್ ಹತ್ತಿರ ಹೋಗಿ. ನಿಮಗೆ ಕಾಣದ್ದು ಅವರಿಗೆ ಕಾಣುತ್ತೆ.

ಉತ್ತರ 3: ಗೃಹಿಣಿ, ದಾವಣಗೆರೆ

ನಿಮ್ಮ ಹೆಂಡತಿಯ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮನೆಯವರು ಹೀಗೇ ಭಕ್ತಿಗೆ ಬಿದ್ದಾಗ ಒಂದು ವರ್ಷ ವಾರಕ್ಕೆ ನಾಲ್ಕು ಸಂಜೆ ಪ್ರಾರ್ಥನೆಗೆ ಹೋಗುತ್ತಿದ್ದರು. ರೇಷನ್ನು, ಅತ್ತೆಯ ಔಷಧಿ, ಮಗನ ಟ್ಯೂಷನ್ ಎಲ್ಲಾ ನನ್ನ ತಲೆ ಮೇಲೆ. ದೇವರು ನನ್ನ ಗಂಡನನ್ನು ಕಿತ್ತುಕೊಂಡ ಅಂತ ನನಗೆ ಅನಿಸುತ್ತಿತ್ತು. ಒಂದು ದಿನ ಅವರಾಗಿಯೇ ಕೂತು, "ನಾನು ಮೊದಲಿಗಿಂತ ಒಳ್ಳೆಯವನಾಗಿದ್ದೀನಾ, ನಿಜ ಹೇಳು" ಅಂತ ಕೇಳಿದರು. ಇಲ್ಲ ಅಂದೆ. ಅವರಿಗೆ ತುಂಬಾ ನೋವಾಯಿತು. ಆದರೆ ಅವರ ಪ್ರಾರ್ಥನೆ ನಿಜವಾಗಿ ಶುರುವಾಗಿದ್ದು ಅವತ್ತೇ. ನೀವೂ ನಿಮ್ಮ ಹೆಂಡತಿಯನ್ನು ಕೇಳಿ. ಕೇಳಿ ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಕೇಳಿದವರಿಂದ: ಕಂಡಕ್ಟರ್, ದಾವಣಗೆರೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಟೀಚರಮ್ಮ, ಲೂಕ ಮೂರು ಓದಿದೆ. ಎರಡು ರೂಪಾಯಿ, ಮೂರು ರೂಪಾಯಿ ಚಿಲ್ಲರೆ ಆಮೇಲೆ ಕೊಡ್ತೀನಿ ಅಂತ ಟಿಕೆಟ್ ಹಿಂದೆ ಬರೆದುಕೊಟ್ಟು, ಜನ ಮರೆತು ಇಳಿದುಹೋದರೆ ನಾನೂ ಸುಮ್ಮನಿರುತ್ತಿದ್ದೆ. ಎಷ್ಟು ವರ್ಷ! ಈ ವಾರದಿಂದ ಮನೆಯಿಂದಲೇ ಚಿಲ್ಲರೆ ಕಟ್ಟಿಕೊಂಡು ಹೋಗುತ್ತಿದ್ದೇನೆ. ಇಳಿಯುವವರನ್ನು ನಾನೇ ಕರೆದು ಕೊಡುತ್ತೇನೆ.

ಹೆಂಡತಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಗಳ ಮೇಲೆ ರೇಗೋದು ಕಮ್ಮಿಯಾಗಿದೆ, ಆದ್ರೆ ನಂಗೇನೂ ಹೇಳದೆ ಒಬ್ರೇ ಎದ್ದು ಹೋಗ್ತೀರ" ಅಂದಳು. ಬರುವ ಭಾನುವಾರ ನನಗೆ ವಾರದ ರಜೆ. ಮೂವರೂ ಚರ್ಚಿನ ಬಲಿಪೂಜೆಗೆ ಹೋಗುತ್ತಿದ್ದೇವೆ. ಅದಕ್ಕೂ ಮೊದಲು ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಮಾಡಬೇಕು, ಹನ್ನೊಂದು ವರ್ಷ ಆಗಿದೆ. ಫಾದರ್‌ಗೆ ಫೋನ್ ಮಾಡಿ ಶನಿವಾರ ಸಂಜೆ ಬರುತ್ತೇನೆ ಅಂದಿದ್ದೇನೆ. ಕೆಲಸ ಬಿಡುವ ಮಾತು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ನೋಟ್‌ಬುಕ್ ತಂದಿದ್ದೇನೆ.

ಆ ಅಜ್ಜಿಯ ಮೊಮ್ಮಗನ ಹೆಸರು ನಾನು ಕೇಳಿಕೊಂಡಿರಲಿಲ್ಲ. "ಭರಮಸಾಗರದ ಹುಡುಗ" ಅಂತಲೇ ದಿನಾ ಪ್ರಾರ್ಥಿಸುತ್ತಿದ್ದೇನೆ. ನೀವೂ ಅವನನ್ನು ನೆನಪಿಸಿಕೊಳ್ಳಿ.