ಅಳಿವೆಯ ಕಲ್ವಕ್ಕೆ ಕಂಟಕ ಆಮ್ಲವೋ, ಸಿಹಿನೀರೋ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಹಗ್ಗಕ್ಕೆ ಚಿಪ್ಪು ಪೋಣಿಸಿ ಕಲ್ವ (ಆಯ್ಸ್ಟರ್ ಎಂಬ ಚಿಪ್ಪುಜೀವಿ) ಬೆಳೆಸಿದರೆ ಸಮುದ್ರದ ಆಮ್ಲೀಯತೆಯಿಂದ ತೊಂದರೆ ಇದೆಯಾ? ಮಳೆಗಾಲದಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ಕ್ಕೆ ಇಳಿಯುವುದು ಅದರಿಂದಲೇನಾ?

ಉತ್ತರ 1: ಅಲ್ಲ. ಆ ಇಳಿತಕ್ಕೆ ಮುಖ್ಯ ಕಾರಣ ಘಟ್ಟದಿಂದ ಬರುವ ಸಿಹಿನೀರು. ಉಪ್ಪು, ಕ್ಷಾರತೆ (ಆಮ್ಲ ತಡೆಯುವ ಶಕ್ತಿ) ಎರಡೂ ಒಟ್ಟಿಗೇ ಬೀಳುತ್ತವೆ. ಆಗ ಬೆಳೆದ ಕಲ್ವ ಸಾಯುವುದು ಹೆಚ್ಚಾಗಿ ಉಪ್ಪು ಸಾಲದೆ. ಇಂಗಾಲದ ಡೈಆಕ್ಸೈಡ್ ಹೀರಿ ಸಾಗರದ ಮೇಲ್ನೀರಿನ ಸರಾಸರಿ ಪಿಎಚ್ ಇಳಿದದ್ದು ಸುಮಾರು 8.2ರಿಂದ 8.1ಕ್ಕೆ. ಅಷ್ಟೇನಾ ಅನ್ನಬೇಡಿ, ಏಟು ಬೀಳುವುದು ಮರಿಗೆ. ಮೊಟ್ಟೆ ಫಲಿತವಾದ ಎರಡು ದಿನದೊಳಗೆ, ಸರಿಯಾಗಿ ತಿನ್ನಲು ಶುರುಮಾಡುವ ಮೊದಲೇ, ಅದು ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪು ಕಟ್ಟಬೇಕು. ಆಮ್ಲೀಯತೆ ಹೆಚ್ಚಿ ನೀರಲ್ಲಿ ಕಾರ್ಬೊನೇಟ್ ಕಡಿಮೆಯಾದರೆ ಮೊಟ್ಟೆಯ ಕೊಬ್ಬೆಲ್ಲ ಅದಕ್ಕೇ ಖರ್ಚು. ಸೂಕ್ಷ್ಮದರ್ಶಕದಲ್ಲಿ ಮರಿಚಿಪ್ಪಿನ 'ಡಿ' ಆಕಾರದ ನೇರ ಅಂಚು ಡೊಂಕಾಗಿ ಕಾಣುತ್ತದೆ.

ಉತ್ತರ 2: ತೆರೆದ ಅಳಿವೆಯಲ್ಲಿ ನೀರು ಸರಿಪಡಿಸುವುದು ಆಗದ ಮಾತು, ಹ್ಯಾಚರಿಯಲ್ಲಿ (ಮರಿ ಮಾಡುವ ಕೇಂದ್ರ) ಸಾಧ್ಯ. ಬೆಳಗಿನ ಜಾವ ಸಮುದ್ರದ ಇಳಿತದಲ್ಲಿ ನೀರು ಎತ್ತಬೇಡಿ, ನೀರಿನ ಜೀವಿಗಳ ರಾತ್ರಿಯ ಉಸಿರಾಟದಿಂದ ಪಿಎಚ್ ತಳ ಹಿಡಿದಿರುತ್ತದೆ. ಮಧ್ಯಾಹ್ನದ ಭರತಕ್ಕೆ ಎತ್ತಿ. ಸಾಲದಿದ್ದರೆ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್). ಬಕೆಟ್ ಸಿಹಿನೀರಲ್ಲಿ ಪೂರ್ತಿ ಕರಗಿಸಿ, ಗಾಳಿ ಗುಳ್ಳೆ ಏಳುವ ಜಾಗದಲ್ಲಿ ಸಣ್ಣ ಧಾರೆಯಾಗಿ ಬಿಡಿ. ಒಮ್ಮೆಲೇ ಸುರಿದರೆ ಟ್ಯಾಂಕು ಮಜ್ಜಿಗೆಯಂತೆ ಬೆಳ್ಳಗಾಗಿ, ಬೇಕಾದ ಕಾರ್ಬೊನೇಟೇ ತಳಕ್ಕೆ ಕೂರುತ್ತದೆ. 8.2ರ ಆಸುಪಾಸಿಗೆ ನಿಲ್ಲಿಸಿ. ಮೇಲೆ ಹೋದಷ್ಟೂ ಅಮೋನಿಯಾದ ವಿಷ ಹೆಚ್ಚು. ಅಮೆರಿಕದ ಒರೆಗಾನ್‌ನಲ್ಲಿ 2007ರ ಸುಮಾರಿಗೆ ಮರಿಗಳು ಸತ್ತ ಮೇಲೆ ಹಿಡಿದ ದಾರಿಯೂ ಇದೇ.

ಉತ್ತರ 3: ಲಿಟ್ಮಸ್ ಪಟ್ಟಿ ನಂಬಬೇಡಿ, 0.1ರ ವ್ಯತ್ಯಾಸ ಅದಕ್ಕೆ ಸಿಗುವುದಿಲ್ಲ. ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಾದ 7 ಮತ್ತು 10ರ ಬಫರ್‌ಗೆ ಹೊಂದಿಸಿ, ಜೊತೆಗೆ ಕ್ಷಾರತೆಯ ಟೈಟ್ರೇಶನ್ (ಹನಿಹನಿಯಾಗಿ ಆಮ್ಲ ಹಾಕಿ ಅಳೆಯುವ ಪರೀಕ್ಷೆ) ಮಾಡಿ. ಪಿಎಚ್ ಒಂದೇ ನೋಡಿದರೆ ಕಾರ್ಬೊನೇಟ್ ಎಷ್ಟಿದೆ ಗೊತ್ತಾಗಲ್ಲ.