ಬ್ಲೂ ಬುಕ್: ಜನರು ಕೊಟ್ಟ ವರದಿಯನ್ನು ವಾಯುಪಡೆ ಹೇಗೆ ಪರಿಶೀಲಿಸುತ್ತಿತ್ತು?

ಗಾಳಿಪಟ (ಪ್ರಶ್ನೆ):
ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುಗಳ (ಯುಎಫ್‌ಒ) ವರದಿಗಳನ್ನು ತನಿಖೆ ಮಾಡುತ್ತಿದ್ದ ಅಮೆರಿಕದ ವಾಯುಪಡೆಯ ಪ್ರಾಜೆಕ್ಟ್ ಬ್ಲೂ ಬುಕ್ 1952ರಿಂದ 1969ರವರೆಗೆ ನಡೆಯಿತು. ಒಟ್ಟು 12,618 ವರದಿಗಳಲ್ಲಿ 701ಕ್ಕೆ ಕೊನೆಗೂ ಗುರುತು ಸಿಗಲಿಲ್ಲ. ಒಬ್ಬ ರೈತನೋ ಪೊಲೀಸನೋ ‘ಆಕಾಶದಲ್ಲಿ ಏನೋ ಕಂಡೆ’ ಅಂದರೆ ಮುಂದೆ ಏನೇನು ಮಾಡುತ್ತಿದ್ದರು? ಆ 701 ಬರೀ ಮಾಹಿತಿ ಸಾಲದೆ ಉಳಿದವೇ?

ಹಳೇಕಡತ:
1953ರಲ್ಲಿ ಬಂದ ವಾಯುಪಡೆಯ ಎಎಫ್‌ಆರ್ 200-2 ನಿಯಮದ ಪ್ರಕಾರ ಮೊದಲ ವಿಚಾರಣೆ ಹತ್ತಿರದ ವಾಯುನೆಲೆಯದು. ವರದಿ ಬ್ಲೂ ಬುಕ್‌ನ ಕಚೇರಿಯಿದ್ದ ಓಹಾಯೊದ ರೈಟ್-ಪ್ಯಾಟರ್ಸನ್ ನೆಲೆಗೆ ಹೋಗುತ್ತಿತ್ತು. ಕಂಡವರಿಗೆ ಉದ್ದನೆಯ ಪ್ರಶ್ನಾವಳಿ ಕೊಡುತ್ತಿದ್ದರು: ಯಾವ ದಿಕ್ಕು, ದಿಗಂತದಿಂದ ಎಷ್ಟು ಡಿಗ್ರಿ ಮೇಲೆ, ಎಷ್ಟು ಹೊತ್ತು ಕಂಡಿತು, ಚಿತ್ರ ಬರೆಯಿರಿ. ಗಾತ್ರ ಕೇಳುವಾಗ ಅಡಿ, ಮೀಟರ್ ಬೇಡ. ಕೈಚಾಚಿ ಹಿಡಿದ ಬಟಾಣಿಯಷ್ಟೋ ನಾಣ್ಯದಷ್ಟೋ ಅಂತ ಹೇಳಬೇಕು. ಆಮೇಲೆ ವಿಮಾನಗಳ ಹಾರಾಟ, ಬಲೂನು, ಗ್ರಹ-ನಕ್ಷತ್ರ, ಉಲ್ಕೆಗಳ ಜೊತೆ ತಾಳೆ. ಖಗೋಳದ ಭಾಗಕ್ಕೆ ಸಲಹೆಗಾರರು ಜೆ. ಅಲೆನ್ ಹೈನೆಕ್.

ಬಲೂನಿಗೆ ಮುಖ್ಯ ಸುಳಿವು ಗಾಳಿ. ಹವಾಮಾನ ಕೇಂದ್ರದ ಮೇಲ್ಪದರದ ಗಾಳಿಯ ದಾಖಲೆ ತೆಗೆದು ನೋಡಬೇಕು. ವಸ್ತು ಗಾಳಿಯ ದಿಕ್ಕಿಗೇ ಸಾಗಿದ್ದರೆ ಬಲೂನಿನ ಸಾಧ್ಯತೆ ಹೆಚ್ಚು. ಸಂಶೋಧನೆಗೆ ಬಿಡುತ್ತಿದ್ದ ಸ್ಕೈಹುಕ್ ಎಂಬ ದೊಡ್ಡ ಬಲೂನುಗಳು ಸುಮಾರು 30 ಕಿ.ಮೀ. ಎತ್ತರಕ್ಕೆ ಏರುತ್ತಿದ್ದವು. ನೆಲದಲ್ಲಿ ಕತ್ತಲಾದ ಮೇಲೂ ಅಲ್ಲಿ ಬಿಸಿಲಿರುವುದರಿಂದ ಅವು ಫಳಫಳ ಹೊಳೆಯುತ್ತವೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಅಲ್ಲ. ‘ಮಾಹಿತಿ ಸಾಲದು’ ಅನ್ನುವುದು ಬೇರೆಯೇ ವರ್ಗ. ವಾಯುಪಡೆಗಾಗಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ ಸುಮಾರು 3,200 ವರದಿಗಳನ್ನು ಪಂಚ್ ಕಾರ್ಡಿಗೆ (ತೂತುಗಳ ಮೂಲಕ ಮಾಹಿತಿ ದಾಖಲಿಸುವ ಕಾರ್ಡು) ಹಾಕಿ ವಿಂಗಡಿಸಿತು. ಆ ವರದಿ 1955ರಲ್ಲಿ ಹೊರಬಂತು. ಅದರಲ್ಲಿ ವಿಶ್ವಾಸಾರ್ಹತೆಯ ಲೆಕ್ಕದಲ್ಲಿ ‘ಅತ್ಯುತ್ತಮ’ ದರ್ಜೆಯ ವರದಿಗಳಲ್ಲಿ ಸುಮಾರು 33% ಗುರುತು ಸಿಗದೆ ಉಳಿದವು, ‘ಕಳಪೆ’ ದರ್ಜೆಯವುಗಳಲ್ಲಿ ಸುಮಾರು 17% ಮಾತ್ರ. ಇದನ್ನು ಅನ್ಯಗ್ರಹದ ಸಾಕ್ಷಿ ಅಂತ ಓದಬೇಡಿ. ಆದರೆ ‘ಸರಿಯಾಗಿ ನೋಡಿದ್ದರೆ ಎಲ್ಲಾ ಬಗೆಹರಿಯುತ್ತಿತ್ತು’ ಅನ್ನುವ ಮಾತೂ ಇಲ್ಲಿ ನಿಲ್ಲುವುದಿಲ್ಲ.

ತ್ರಿಕೋನ:
ಬಟಾಣಿ ಪ್ರಶ್ನೆ ಯಾಕೆ ಅಂದರೆ, ಕಣ್ಣಿಗೆ ಸಿಗುವುದು ಕೋನ ಮಾತ್ರ. 1 ಡಿಗ್ರಿ ಅಗಲ ಕಂಡದ್ದು 1 ಕಿ.ಮೀ. ದೂರದಲ್ಲಿದ್ದರೆ 17.5 ಮೀಟರ್, 10 ಕಿ.ಮೀ. ದೂರದಲ್ಲಿದ್ದರೆ 175 ಮೀಟರ್. ದೂರ ಗೊತ್ತಿಲ್ಲದೆ ‘ಬಸ್ಸಿನಷ್ಟು ದೊಡ್ಡದು’ ಅಂದರೆ ಅದು ಊಹೆ; ವೇಗದ ಲೆಕ್ಕವೂ ಅದೇ ಊಹೆಯ ಮೇಲೆ ನಿಂತಿರುತ್ತದೆ. ಕೈಚಾಚಿದಾಗ ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ, ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ.

ಇನ್ನೊಂದು ಎಡವಟ್ಟು: ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ಅಲುಗಾಡಿದಂತೆ ಕಾಣುತ್ತದೆ. ಕಂಬ ಅಥವಾ ಗೋಡೆಯ ಅಂಚಿಗೆ ಹೊಂದಿಸಿ, ತಲೆ ಅಲುಗಿಸದೆ ನೋಡಿದರೆ ನಿಜವಾಗಿ ಚಲಿಸುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಗಾಳಿಪಟ:
ಹಾಗಾದರೆ ಜನ ಬ್ಲೂ ಬುಕ್ ಮೇಲೆ ಅಷ್ಟೊಂದು ಸಿಟ್ಟಾದದ್ದು ಯಾಕೆ?

ಹಳೇಕಡತ:
ಆತುರ. 1966ರ ಮಾರ್ಚ್‌ನಲ್ಲಿ ಮಿಷಿಗನ್‌ನ ಡೆಕ್ಸ್‌ಟರ್, ಹಿಲ್ಸ್‌ಡೇಲ್‌ಗಳಲ್ಲಿ ಬೆಳಕು ಕಂಡವು. ಕೆಲವೇ ದಿನಗಳಲ್ಲಿ ಪತ್ರಿಕಾಗೋಷ್ಠಿ ಕರೆದರು. ಆ ಎರಡು ಘಟನೆಗಳಿಗೆ ಜೌಗು ನೆಲದ ಅನಿಲ ಕಾರಣವಿರಬಹುದು ಎಂದರು ಹೈನೆಕ್. ಆ ‘ಇರಬಹುದು’ ಪತ್ರಿಕೆಗಳಲ್ಲಿ ಕಳೆದುಹೋಯಿತು. ಕಂಡವರಿಗೆ ಅವಮಾನವಾಯಿತು, ಆಗ ಸಂಸದರಾಗಿದ್ದ ಜೆರಾಲ್ಡ್ ಫೋರ್ಡ್ ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ಸಾಕ್ಷಿಯ ಮಾತಿಗೆ ಬೆಲೆ ಕೊಡದ ತನಿಖೆಗೆ ಮುಂದಿನ ಸಾಕ್ಷಿ ಬಾಯಿ ಬಿಡುವುದಿಲ್ಲ. ನನ್ನ ಮಟ್ಟಿಗೆ ಬ್ಲೂ ಬುಕ್‌ನ ದೊಡ್ಡ ನಷ್ಟ ಇದೇ.

ಧ್ರುವ:
ಸರಿಯಾಗಿ ನಡೆದದ್ದಕ್ಕೆ ನಮ್ಮಲ್ಲೇ ಉದಾಹರಣೆ ಇದೆ, ಅಲ್ಲಿ ಕಂಡವರು ಸೈನಿಕರು ಅನ್ನುವುದಷ್ಟೇ ವ್ಯತ್ಯಾಸ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ಸೇನೆ 329 ಸಲ ಗುರುತು ಸಿಗದ ಬೆಳಕುಗಳನ್ನು ದಾಖಲಿಸಿತು. ಚೀನಾದ ಡ್ರೋನ್ ಎಂಬ ಅನುಮಾನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದಾಗ ಸಿಕ್ಕ ಉತ್ತರ: ಗುರು ಮತ್ತು ಶುಕ್ರ. ಬೆಳಕು ಎಷ್ಟು ಹೊತ್ತಿಗೆ ದಿಗಂತದ ಮೇಲೆ ಬಂತು, ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಸರಿಯಿತು ಅನ್ನುವ ಟಿಪ್ಪಣಿಯಿಂದಲೇ ಇದು ಬಗೆಹರಿಯಿತು.

ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ಒಂದೇ ಜಾಗದಲ್ಲಿ ನಿಂತು, ಆ ಬೆಳಕು ಒಂದೇ ಬೆಟ್ಟದ ತುದಿ ದಾಟುವ ಸಮಯವನ್ನು ವಾರವಿಡೀ ಬರೆದಿಡಿ. ನಕ್ಷತ್ರವಾದರೆ ದಿನಕ್ಕೆ ಸುಮಾರು 4 ನಿಮಿಷ ಮೊದಲೇ ಬರುತ್ತದೆ, ಗ್ರಹದ ಲೆಕ್ಕ ಅದಕ್ಕಿಂತ ಸ್ವಲ್ಪ ಆಚೀಚೆ. ಡ್ರೋನ್ ಈ ಲೆಕ್ಕ ಪಾಲಿಸುವುದಿಲ್ಲ.